ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಆಸ್ಟಿನ್‌ನಲ್ಲಿ ಬ್ರಿಸ್ಕೆಟ್ ಹುಡುಕುವವರಿಗೆ

ನ್ಯೂಜೆರ್ಸಿಯಿಂದ ಹೊರಟಿರುವ ಸರ್, ಬ್ರಿಸ್ಕೆಟ್ (ಗಂಟೆಗಟ್ಟಲೆ ಹೊಗೆಯಲ್ಲಿ ಬೇಯಿಸಿದ ದನದ ಎದೆಮಾಂಸ) ತಿನ್ನಲು ಟೆಕ್ಸಾಸ್‌ಗೆ ಬರುತ್ತೇನೆಂದು ನಮ್ಮ ಬಾರ್ಬೆಕ್ಯೂ ಗುಂಪಿನಲ್ಲಿ ನೀವು ಹಾಕಿದ ಪಟ್ಟಿಯನ್ನು ಎರಡು ಸಲ ಓದಿದೆ. ಶನಿವಾರ ಹನ್ನೆರಡಕ್ಕೆ ಆಸ್ಟಿನ್‌ನಲ್ಲಿ ಇಳಿಯುವುದು, ಒಂದು ಗಂಟೆಗೆ ಅಪ್ಪ ಅಮ್ಮನೊಂದಿಗೆ ಫ್ರ್ಯಾಂಕ್ಲಿನ್ ಬಾರ್ಬೆಕ್ಯೂ ಅಂಗಡಿ, ಸಂಜೆ ಲಾಕ್‌ಹಾರ್ಟ್ ಊರಿನಲ್ಲಿ ಮೂರು ಅಂಗಡಿ, ಭಾನುವಾರ ಲೆಕ್ಸಿಂಗ್‌ಟನ್ ಊರಿನ ಸ್ನೋಸ್ ಅಂಗಡಿ, ಸೋಮವಾರದಿಂದ ಶುಕ್ರವಾರದವರೆಗೆ ‘ನೋಡೋಣ’, ಸಸ್ಯಾಹಾರಿ ಅಮ್ಮನಿಗೆ ‘ಎಲ್ಲಾದರೂ ಟೆಕ್ಸ್‌ಮೆಕ್ಸ್’, ಅಂದರೆ ಟೆಕ್ಸಾಸ್ ಶೈಲಿಯ ಮೆಕ್ಸಿಕನ್ ಊಟ. ಅದರ ಕೆಳಗೆ ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ದಾರೆ, ಒಬ್ಬರೂ ತಡೆದಿಲ್ಲ. ಸ್ವಾಮಿ, ಸ್ನೋಸ್ ವಾರಕ್ಕೆ ಒಂದೇ ದಿನ, ಶನಿವಾರ ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಭಾನುವಾರ ಲೆಕ್ಸಿಂಗ್‌ಟನ್‌ವರೆಗೆ ಕಾರು ಓಡಿಸಿದರೆ ಬೀಗಕ್ಕೆ ಕೈಮುಗಿದು ಬರಬೇಕು. ಫ್ರ್ಯಾಂಕ್ಲಿನ್‌ಗೆ ಸೋಮವಾರ ರಜೆ. ಶನಿವಾರ ಒಂದು ಗಂಟೆಯ ವಿಷಯವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದೇ ತಪ್ಪನ್ನು ನಾನು ನನ್ನ ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದ್ದೇನೆ.

ಅಂಗಡಿಯ ಹೆಸರು ಬೇಡ, ತಪ್ಪು ಅವರದಲ್ಲ. ಆಗಸ್ಟ್ ತಿಂಗಳು. ಅಪ್ಪ ಹಾಸನದಿಂದ ಬಂದು ನಾಲ್ಕು ದಿನವಾಗಿತ್ತು, ಸಕ್ಕರೆ ಕಾಯಿಲೆಯವರು. ನಾವು ಸಾಲಿಗೆ ಸೇರಿದ್ದು ಹನ್ನೆರಡೂಕಾಲಿಗೆ. ಮುಂದೆ ಇದ್ದವರೆಲ್ಲ ಮಡಚುವ ಕುರ್ಚಿ, ಐಸ್ ಪೆಟ್ಟಿಗೆ, ಇಸ್ಪೀಟು ಎಲೆ ಇಟ್ಟುಕೊಂಡು ಜಾತ್ರೆಗೆ ಬಂದವರಂತೆ ಕುಳಿತಿದ್ದರು. ನಮ್ಮ ಕೈಯಲ್ಲಿ ಒಂದು ನೀರಿನ ಬಾಟಲಿ. ಬಿಸಿಲು ಎಷ್ಟಿತ್ತೆಂದರೆ ಅಪ್ಪ ತಮ್ಮ ಕರವಸ್ತ್ರದ ನಾಲ್ಕು ಮೂಲೆಗೆ ಗಂಟು ಹಾಕಿ ಟೋಪಿ ಮಾಡಿಕೊಂಡರು. ಒಂದೂವರೆಗೆ ಅಂಗಡಿಯ ಹುಡುಗಿ ಒಂದು ಪುಸ್ತಕ ಹಿಡಿದು ಸಾಲಿನ ಉದ್ದಕ್ಕೂ ತಲೆ ಎಣಿಸುತ್ತ ಬಂದಳು. ನಮಗಿಂತ ಎಂಟು ಜನರ ಮುಂದೆ ನಿಂತು ಬಹಳ ಮರ್ಯಾದೆಯಿಂದ ಹೇಳಿದಳು: ಇಲ್ಲಿಂದ ಹಿಂದಿನವರಿಗೆ ಬ್ರಿಸ್ಕೆಟ್ ಇಲ್ಲ, ರಿಬ್ಸ್ (ಪಕ್ಕೆಲುಬು) ಇಲ್ಲ, ಸಾಸೇಜ್ ಇದ್ದರೆ ಇದೆ. ಅಪ್ಪ ನನ್ನ ಮುಖ ನೋಡಿ, ‘ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೂ ಅನ್ನ ಸಾರಾದರೂ ಇರುತ್ತದಲ್ಲೋ’ ಎಂದರು. ಆ ದಿನ ಅವರ ಊಟ ಪೆಟ್ರೋಲ್ ಬಂಕಿನ ಬಾಳೆಹಣ್ಣು ಮತ್ತು ಉಪ್ಪುಕಡಲೆ. ಇಂದಿಗೂ ಊರಿನಿಂದ ಫೋನ್ ಮಾಡಿದಾಗ ‘ಆ ಮಾಂಸ ಸಿಕ್ಕಿತೇನೋ’ ಎಂದು ಕೇಳುತ್ತಾರೆ.

ನೀವು ಮನೆಯಲ್ಲಿ ಆಫ್‌ಸೆಟ್ (ಪಕ್ಕದಲ್ಲಿ ಬೆಂಕಿಗೂಡು ಇರುವ ಹೊಗೆ ಒಲೆ) ಇಟ್ಟುಕೊಂಡವರು. ಸ್ಟಾಲ್, ಅಂದರೆ ಬೇಯುವಾಗ ಮಾಂಸದ ಬಿಸಿ ಗಂಟೆಗಟ್ಟಲೆ ಏರದೆ ನಿಂತುಬಿಡುವುದು, ನಿಮಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಮುಗಿದದ್ದನ್ನು ಸಂಜೆಗೆ ಮತ್ತೆ ಬೇಯಿಸಿ ಕೊಡಿ ಎನ್ನಲಾಗುತ್ತದೆಯೇ? ಹಿಂದಿನ ದಿನ ಒಲೆಗೆ ಹಾಕಿದ್ದೇ ಇಂದಿನ ವ್ಯಾಪಾರ. ಫ್ರ್ಯಾಂಕ್ಲಿನ್‌ನಲ್ಲಿ ಬಾಗಿಲು ತೆರೆಯುವುದು 11ಕ್ಕೆ, ಶನಿವಾರಗಳಲ್ಲಿ ಜನ ಎಂಟಕ್ಕೇ ಕುರ್ಚಿ ಹಾಕಿರುತ್ತಾರೆ. ಒಂದು ಗಂಟೆಗೆ ಹೋಗುವವರು ಊಟಕ್ಕಲ್ಲ, ಛಾಯಾಚಿತ್ರಕ್ಕೆ ಹೋಗುತ್ತಾರೆ.

ನನ್ನ ಕ್ರಮ ಇಷ್ಟೇ: ವಾರದ ದಿನ, ತೆರೆಯುವ ಮೊದಲು, ಒಂದು ದಿನಕ್ಕೆ ಒಂದೇ ಅಂಗಡಿ. ಮಂಗಳವಾರ ಅಥವಾ ಬುಧವಾರ ಒಂಬತ್ತರೊಳಗೆ ಫ್ರ್ಯಾಂಕ್ಲಿನ್ ಮುಂದೆ ನಿಂತರೆ ಧೈರ್ಯವಾಗಿರಬಹುದು. 2009ರಲ್ಲಿ ಒಂದು ಟ್ರೇಲರ್‌ನಲ್ಲಿ ಆರಂಭಿಸಿದ ಅಂಗಡಿ ಅದು. 2015ರಲ್ಲಿ ಮಾಲೀಕ ಆರನ್ ಫ್ರ್ಯಾಂಕ್ಲಿನ್ ಅವರಿಗೆ ಅಮೆರಿಕದ ಅಡುಗೆಯವರ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂದ ಮೇಲೆ ಸಾಲು ಕರಗಿದ್ದು ಅಪರೂಪ. ಸಾಲಿಗೆ ತಕ್ಕ ರುಚಿ ಇದೆಯೇ ಎಂದರೆ ಒಂದು ಸಲಕ್ಕೆ ಇದೆ. ಎರಡನೆಯ ಸಲಕ್ಕೆ ನಾನು ಟೇಲರ್ ಎಂಬ ಊರಿಗೆ ಹೋಗುತ್ತೇನೆ.

ಟೇಲರ್‌ನ ಲೂಯಿ ಮ್ಯೂಲರ್ 1949ರಿಂದ ಇರುವ ಅಂಗಡಿ. ಗೋಡೆ ಒಂದು ಕಾಲಕ್ಕೆ ಹಸಿರಾಗಿತ್ತಂತೆ, ಈಗ ಹೊಗೆ ಕುಡಿದು ನಮ್ಮ ಅಜ್ಜಿಯ ಅಡುಗೆಮನೆಯ ಸೂರಿನ ಬಣ್ಣಕ್ಕೆ ತಿರುಗಿದೆ. ಗಿರಾಕಿಗಳು ಚುಚ್ಚಿಟ್ಟ ಕಾರ್ಡುಗಳು ಕೂಡ ಕಂದು. ಅಲ್ಲಿ ಬೀಫ್ ರಿಬ್ ಕೇಳಿ. ಒಂದೇ ಎಲುಬು ಒಂದು ಪೌಂಡ್‌ಗಿಂತ ಹೆಚ್ಚು ತೂಗುತ್ತದೆ. ಇಬ್ಬರಿಗೆ ಒಂದು ಸಾಕು, ದುರಾಸೆ ಬೇಡ. ಕರಿಮೆಣಸು ಜೋರು, ಮಲೆನಾಡಿನವರಿಗೆ ಹಿಡಿಸುತ್ತದೆ.

ಆರ್ಡರ್ ಮಾಡುವ ವಿಷಯದಲ್ಲಿ ಈ ಗುಂಪಿನವರೂ ಎಡವುತ್ತಾರೆ. ಆರೋಗ್ಯ ಎಂದುಕೊಂಡು ಬರೀ ‘ಲೀನ್’ (ಕೊಬ್ಬು ಕಡಿಮೆಯ ಭಾಗ) ಕೇಳಬೇಡಿ. ಕಾಲು ಪೌಂಡ್ ಮಾಯಿಸ್ಟ್, ಅದೇ ಕೊಬ್ಬು ಹೆಚ್ಚಿರುವ ಪಾಯಿಂಟ್ ಭಾಗ. ಕಾಲು ಪೌಂಡ್ ಲೀನ್. ಅಷ್ಟು ತೆಗೆದುಕೊಂಡು ಮೊದಲು ತಟ್ಟೆಯಲ್ಲಿಯೇ ಪರೀಕ್ಷೆ ಮಾಡಿ. ಒಂದು ತುಂಡನ್ನು ಬೆರಳಿನ ಮೇಲೆ ಇಟ್ಟರೆ ಎರಡೂ ಕಡೆ ನೆನೆದ ಬಟ್ಟೆಯಂತೆ ಜೋತು ಬೀಳಬೇಕು, ಆದರೆ ಹರಿಯಬಾರದು. ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ಆಗ ಬಿಡಬೇಕು. ತಾನಾಗಿಯೇ ಪುಡಿಯಾದರೆ ಬೆಂದದ್ದು ಹೆಚ್ಚಾಯಿತು; ರಬ್ಬರಿನಂತೆ ಹಿಂದಕ್ಕೆ ಎಳೆದರೆ ಅವಸರ ಮಾಡಿದ್ದಾರೆ. ಚೆನ್ನಾಗಿದ್ದರೆ ಮತ್ತೆ ಹೋಗಿ ಇನ್ನಷ್ಟು ಕೇಳಿ. ಸಾಲು ಉದ್ದವಿರುವ ಕಡೆ ಇದು ಆಗುವುದಿಲ್ಲ, ಅಲ್ಲಿ ಒಂದೇ ಸಲ ಕೇಳಬೇಕು, ಒಪ್ಪುತ್ತೇನೆ. ಪೌಂಡ್‌ಗೆ 30 ಡಾಲರ್ ದಾಟಿರುವ ಕಾಲದಲ್ಲಿ ಮೂರು ಜನಕ್ಕೆ ಮೂರು ಪೌಂಡ್ ಹೇಳುವುದು ಹುಚ್ಚು. ಅದರಲ್ಲೂ ಅಮ್ಮ ತಿನ್ನುವುದಿಲ್ಲ.

ಸಾಸ್ ಅದ್ದಬೇಡಿ ಎಂದು ಬೇರೆ ಹೇಳಬೇಕೇ? ಹನ್ನೆರಡು ಗಂಟೆ ಪೋಸ್ಟ್ ಓಕ್ ಸೌದೆಯ ಹೊಗೆ, ಉಪ್ಪು, ಮೆಣಸು ಮಾತ್ರ ಕಂಡ ಬಾರ್ಕ್ (ಮಾಂಸದ ಕಪ್ಪು ಹೊರಪದರ) ಮೇಲೆ ಸಿಹಿ ಸಾಸ್ ಸುರಿಯುವವರನ್ನು ಕಂಡರೆ ನನಗೆ ತುಪ್ಪದ ದೋಸೆಗೆ ಕೆಚಪ್ ಹಾಕುವವರು ನೆನಪಾಗುತ್ತಾರೆ. ಉಪ್ಪಿನಕಾಯಿ ಸೌತೆ, ಹಸಿ ಈರುಳ್ಳಿ, ಬಿಳಿ ಬ್ರೆಡ್ ಸಾಕು. ಬಿಗ್ ರೆಡ್ ಎಂಬ ಕೆಂಪು ಸೋಡಾವನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ. 1937ರಲ್ಲಿ ಟೆಕ್ಸಾಸ್‌ನ ವೇಕೋದಲ್ಲಿ ಹುಟ್ಟಿದ್ದು, ಗೌರವ ಇರಲಿ, ನನಗೆ ಮಕ್ಕಳ ಕೆಮ್ಮಿನ ಔಷಧಿ. ಟೋಪೊ ಚೀಕೊ ಎಂಬ ಗುಳ್ಳೆನೀರು ತೆಗೆದುಕೊಳ್ಳಿ.

ಲಾಕ್‌ಹಾರ್ಟ್‌ಗೆ ಒಂದು ಸಂಜೆ ಸಾಲದು, ಒಂದು ಬೆಳಗ್ಗೆ ಕೊಡಿ. ಮೂವತ್ತು ಮೈಲಿ ಅಷ್ಟೆ. ಅಲ್ಲಿಯ ಅಂಗಡಿಗಳಲ್ಲಿ ಬ್ಲ್ಯಾಕ್ಸ್ 1932ರದ್ದು, ಕ್ರೈಟ್ಸ್ 1900ರದ್ದು. ಕ್ರೈಟ್ಸ್ ಮತ್ತು ಸ್ಮಿಟೀಸ್ ಕಥೆ ನಮ್ಮ ಊರಿನ ಪಾಲುಪಟ್ಟಿ ಕಥೆಯೇ. ಕ್ರೈಟ್ಸ್ ಮಾಲೀಕರಾಗಿದ್ದ ಅಪ್ಪ ವ್ಯಾಪಾರವನ್ನು ಗಂಡುಮಕ್ಕಳಿಗೆ ಮಾರಿ ಕಟ್ಟಡವನ್ನು ಮಗಳಿಗೆ ಬಿಟ್ಟುಹೋದರು, ಹೊಂದಾಣಿಕೆ ಆಗಲಿಲ್ಲ. 1999ರಲ್ಲಿ ಮಗ ಹಳೆಯ ಒಲೆಯ ಕೆಂಡವನ್ನು ತೊಟ್ಟಿಯಲ್ಲಿ ತುಂಬಿ ರಸ್ತೆಯ ಮೇಲೆ ಎಳೆಸಿಕೊಂಡು ಹೋಗಿ ಹೊಸ ಕಟ್ಟಡದಲ್ಲಿ ಕ್ರೈಟ್ಸ್ ಒಲೆ ಹೊತ್ತಿಸಿದರು. ಮಗಳು ಹಳೆಯ ಕಟ್ಟಡದಲ್ಲಿ ಅಪ್ಪನ ಅಡ್ಡಹೆಸರಿನಲ್ಲಿ ಸ್ಮಿಟೀಸ್ ತೆರೆದರು. ಒಂದೇ ಹೋಗಬಹುದಾದರೆ ಸ್ಮಿಟೀಸ್ ಹಿಂಬಾಗಿಲಿನಿಂದ ಒಳಗೆ ಹೋಗಿ. ನೆಲದ ಮೇಲೆಯೇ ಬೆಂಕಿ, ಅದರ ಪಕ್ಕದಲ್ಲೇ ನಿಲ್ಲಬೇಕು, ಪ್ಯಾಂಟಿನ ಮೊಣಕಾಲು ಬಿಸಿಯಾಗುತ್ತದೆ. ನಿಮ್ಮ ಅಪ್ಪನಿಗೆ ಆ ಕತ್ತಲು, ಕೆಂಡ ಇಷ್ಟವಾಗುತ್ತದೆ. ಮಾಂಸ ಒಂದು ಕಡೆ, ತಿಂಡಿ ಪಾನೀಯ ಇನ್ನೊಂದು ಕೋಣೆಯಲ್ಲಿ, ಎರಡು ಬಿಲ್ಲು. ಹೊರಡುವ ದಿನ ಬೆಳಗ್ಗೆ ಅಂಗಡಿಯವರ ಪುಟದಲ್ಲಿಯೇ ಸಮಯ ನೋಡಿ. ಕೋವಿಡ್ ನಂತರ ಸಣ್ಣ ಊರುಗಳಲ್ಲಿ ರಜೆಯ ದಿನಗಳು ಬದಲಾಗುತ್ತಲೇ ಇವೆ, ಹಳೆಯ ಪಟ್ಟಿಗಳನ್ನು ನಂಬಬೇಡಿ.

ಹಾಗಾದರೆ ಇಳಿದ ದಿನ ಏನು ಮಾಡುವುದು? ಬಾರ್ಬೆಕ್ಯೂ ಬೇಕೇ ಬೇಕು ಎಂದರೆ ಬಾರ್ಟನ್ ಸ್ಪ್ರಿಂಗ್ಸ್ ರಸ್ತೆಯ ಟೆರಿ ಬ್ಲ್ಯಾಕ್ಸ್. ವಾರದ ಎಲ್ಲ ದಿನ, ರಾತ್ರಿಯವರೆಗೂ ಇರುತ್ತದೆ. ಸಾಲು ಉದ್ದವಾದರೂ ಬೇಗ ಸಾಗುತ್ತದೆ. ಈ ಗುಂಪಿನ ಹಿರಿಯರು ಮೂಗು ಮುರಿಯುತ್ತಾರೆ. ಮುರಿಯಲಿ, ಅಪ್ಪನಿಗೆ ಬಾಳೆಹಣ್ಣು ತಿನ್ನಿಸಿದವನು ನಾನು. ಆದರೆ ನನ್ನನ್ನು ಕೇಳಿದರೆ ಆ ಸಂಜೆ ಟೆಕ್ಸ್‌ಮೆಕ್ಸ್‌ಗೆ ಹೋಗಿ. ದಕ್ಷಿಣ ಲಮಾರ್‌ನ ಮ್ಯಾಟ್ಸ್ ಎಲ್ ರಾಂಚೊ, 1952ರಿಂದ. ಮಂಗಳವಾರ ರಜೆ. ಅಲ್ಲಿಯ ಬಾಬ್ ಆರ್ಮ್‌ಸ್ಟ್ರಾಂಗ್ ಡಿಪ್ ಎಂದರೆ ಕೆಸೊ (ಕರಗಿದ ಚೀಸ್), ಕೆಳಗೆ ಮಾಂಸದ ಪುಡಿ ಮತ್ತು ಗ್ವಾಕಮೋಲೆ (ಅರೆದ ಬೆಣ್ಣೆಹಣ್ಣು). ಅಮ್ಮನಿಗೆ ಮಾಂಸವಿಲ್ಲದೆ ಕೊಡಿ ಎಂದು ಹೇಳಬಹುದು. ಇದು ಹಳದಿ ಚೀಸಿನ ಊಟ; ‘ಅಸಲಿ ಮೆಕ್ಸಿಕೊ ಅಲ್ಲ’ ಎಂದು ಅಲ್ಲಿ ಕುಳಿತು ಉಪನ್ಯಾಸ ಕೊಡಬೇಡಿ. ಟೆಕ್ಸಾಸ್‌ನಲ್ಲಿ ಹುಟ್ಟಿದ ಅಡುಗೆ ಅದು. ಎಂಚಿಲಾಡ (ಹೂರಣ ತುಂಬಿ ಸುತ್ತಿದ ಟಾರ್ಟಿಯಾ ರೊಟ್ಟಿ) ಮೇಲಿನ ಚಿಲಿ ಗ್ರೇವಿಯಲ್ಲಿ ಜೀರಿಗೆಯ ವಾಸನೆ ಮೂಗಿಗೆ ಬಡಿದ ಕೂಡಲೇ ನಮ್ಮವರಿಗೆ ಅರ್ಧ ಊರಿಗೆ ಬಂದಂತಾಗುತ್ತದೆ.

ಅಲ್ಲಿಯೇ ಅಪಾಯವೂ ಇರುವುದು. ಅಮ್ಮನ ವಿಷಯದಲ್ಲಿ ‘ಎಲ್ಲಾದರೂ’ ಎಂದು ಬರೆದಿದ್ದೀರಲ್ಲ, ಅದಕ್ಕೇ ಸಿಟ್ಟು ಬಂತು. ‘ಚೀಸ್ ಎಂಚಿಲಾಡ’ ಎಂದು ಬರೆದಿರುತ್ತಾರೆ, ಮೇಲಿನ ಚಿಲಿ ಗ್ರೇವಿಯಲ್ಲಿ ಹಲವು ಕಡೆ ಗೋಮಾಂಸ ಇರುತ್ತದೆ. ಅರೆದು ಹುರಿದ ಬೀನ್ಸ್‌ನಲ್ಲಿ ಹಲವು ಕಡೆ ಹಂದಿಯ ಕೊಬ್ಬು. ಅದಕ್ಕೆ ಅವರ ಮಾತು ಮಾಂತೆಕಾ, ಆ ಶಬ್ದ ಹಿಡಿದೇ ಕೇಳಿ. ಚಾರೋ ಬೀನ್ಸ್ ಎಂದರೆ ಹಂದಿಯ ಬೇಕನ್ ಇದೆ ಎಂದೇ ಅರ್ಥ. ಕೆಂಪು ಅನ್ನವನ್ನು ಸಾಮಾನ್ಯವಾಗಿ ಕೋಳಿ ಸಾರಿನಲ್ಲಿ ಬೇಯಿಸುತ್ತಾರೆ. ಹಿಟ್ಟಿನ ಟಾರ್ಟಿಯಾದಲ್ಲೂ ಕೆಲವರು ಕೊಬ್ಬು ಕಲಸುತ್ತಾರೆ. ಜೋಳದ ಟಾರ್ಟಿಯಾ ಸುರಕ್ಷಿತ. ‘ವೆಜಿಟೇರಿಯನ್ನಾ’ ಎಂದು ಕೇಳಿದರೆ ಮಾಣಿ ‘ಹೌದು’ ಎನ್ನುತ್ತಾನೆ, ಏಕೆಂದರೆ ತುಂಡು ಕಾಣುವುದಿಲ್ಲ. ಏನು ಹಾಕಿ ಬೇಯಿಸಿದ್ದೀರಿ ಎಂದು ಕೇಳಬೇಕು. ಬಾರ್ಬೆಕ್ಯೂ ಅಂಗಡಿಯಲ್ಲೂ ಹಾಗೆಯೇ: ಬೀನ್ಸ್‌ಗೆ ಬ್ರಿಸ್ಕೆಟ್ ಚೂರು ಬಿದ್ದಿರುತ್ತದೆ, ಆಲೂಗಡ್ಡೆ ಸಲಾಡ್‌ನ ಮೇಯೊನೇಸ್‌ನಲ್ಲಿ ಮೊಟ್ಟೆ. ಆಸ್ಟಿನ್‌ನ ಲೀರಾಯ್ ಆ್ಯಂಡ್ ಲೂಯಿಸ್ ಅಂಗಡಿಯಲ್ಲಿ ಹೊಗೆಗೆ ಇಟ್ಟ ಹೂಕೋಸು ಮಾಡುತ್ತಾರೆ. ಅಪ್ಪನಿಗೆ ಬೀಫ್ ಚೀಕ್ (ದನದ ಕೆನ್ನೆಯ ಮಾಂಸ), ಅಮ್ಮನಿಗೆ ಹೂಕೋಸು, ಒಂದೇ ಮೇಜಿನಲ್ಲಿ ಇಬ್ಬರ ಊಟ. ಹೂಕೋಸಿಗೆ ಸವರುವ ಸಾಸ್‌ನಲ್ಲಿ ಏನಿದೆ ಎಂದು ಮೊದಲು ಕೇಳಿ. 2024ರ ನವೆಂಬರ್‌ನಲ್ಲಿ ಟೆಕ್ಸಾಸ್‌ಗೆ ಮೊದಲ ಸಲ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಬಂದಾಗ ನಕ್ಷತ್ರ ಸಿಕ್ಕ ನಾಲ್ಕು ಬಾರ್ಬೆಕ್ಯೂ ಅಂಗಡಿಗಳಲ್ಲಿ ಅದೂ ಒಂದು. ಲಾ ಬಾರ್ಬೆಕ್ಯೂ, ಇಂಟರ್‌ಸ್ಟೆಲ್ಲರ್ ಕೂಡ ಆಸ್ಟಿನ್‌ನವೇ. ನಾಲ್ಕನೆಯದು ಹ್ಯೂಸ್ಟನ್ ಕಡೆಯ ಕಾರ್ಕ್‌ಸ್ಕ್ರೂ. ನಕ್ಷತ್ರ ಬಂದ ಮೇಲೆ ಸಾಲು ಬೆಳೆದಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಪ್ಪ ಗೋಮಾಂಸ ತಿನ್ನದವರಾದರೆ ಟರ್ಕಿ ಎದೆಭಾಗ ಕೇಳಿ, ಬೇಸರವಿಲ್ಲ. ಸಾಸೇಜ್‌ನಲ್ಲಿ ಯಾವ ಮಾಂಸ ಎಂದು ಮಾತ್ರ ವಿಚಾರಿಸಿ.

ಭಾನುವಾರ ಬೆಳಗ್ಗೆ ಪೂರ್ವ 7ನೇ ಬೀದಿಯ ಜೋಸ್ ಬೇಕರಿ. 1962ರಿಂದ ಇದೆ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟಕ್ಕೇ ಮುಗಿಯುತ್ತದೆ. ಹಿಟ್ಟು ಸವರಿ ಕರಿದ ಬೇಕನ್‌ಗೆ ಹೆಸರುವಾಸಿ. ಮೊಟ್ಟೆ ತಿನ್ನುವವರಿಗೆ ವೆರಾಕ್ರೂಸ್ ಅಂಗಡಿಯ ಮಿಗಾಸ್ (ಮೊಟ್ಟೆಗೆ ಟಾರ್ಟಿಯಾ ಚೂರು ಕಲಸಿದ್ದು) ಟಾಕೊ. ಅಮ್ಮನಿಗೆ ಆಲೂಗಡ್ಡೆ, ಕರಿ ಬೀನ್ಸ್, ಬೆಣ್ಣೆಹಣ್ಣು ಹಾಕಿಸಿ. ಬೀನ್ಸ್ ಬಗ್ಗೆ ಮೇಲಿನ ಪ್ರಶ್ನೆಯನ್ನು ಮತ್ತೆ ಕೇಳಬೇಕು. ಸ್ಯಾನ್ ಆಂಟೋನಿಯೊಗೆ ಹೋಗುವ ಯೋಚನೆ ಇದ್ದರೆ ಅಲ್ಲಿ ಪಫಿ ಟಾಕೊ ಬಿಡಬೇಡಿ. ಜೋಳದ ಹಸಿ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟಾಗ ಪೂರಿಯಂತೆ ಉಬ್ಬುತ್ತದೆ, ಉಬ್ಬಿದಾಗಲೇ ಸೌಟಿನಿಂದ ನಡುವೆ ಒತ್ತಿ ಮಡಚುತ್ತಾರೆ. ಆರಿದ ಮೇಲೆ ತಿಂದು ಚೆನ್ನಾಗಿಲ್ಲ ಎನ್ನಬೇಡಿ, ಆರಿದ ಪೂರಿ ಯಾರಿಗೆ ಚೆನ್ನ?

ಉಳಿದ ಮಾಂಸವನ್ನು ಬಿಸಾಡುವವರನ್ನು ಕಂಡಿದ್ದೇನೆ. ಕಾಗದ ಸಮೇತ ಐಸ್ ಪೆಟ್ಟಿಗೆಗೆ ಹಾಕಿ. ಎಚ್‌ಇಬಿಯಿಂದ ಬೆಣ್ಣೆ ಟಾರ್ಟಿಯಾ ತನ್ನಿ, ಬೇರೆ ಸೂಪರ್ ಮಾರ್ಕೆಟಿನವು ರಟ್ಟು. ಮರುದಿನ ಬೆಳಗ್ಗೆ ಬ್ರಿಸ್ಕೆಟ್ ಚೂರುಗಳನ್ನು ಬಾಣಲೆಯಲ್ಲಿ ಅದರದೇ ಕೊಬ್ಬಿನಲ್ಲಿ ಅಂಚು ಗರಿಯಾಗುವವರೆಗೆ ಬಿಡಿ, ಸಾಲ್ಸಾ, ಈರುಳ್ಳಿ, ನಿಂಬೆ. ನಿಜ ಹೇಳಬೇಕೆಂದರೆ ಅರ್ಧ ಬಾರಿ ಇದಕ್ಕಾಗಿಯೇ ನಾನು ಸಾಲಿನಲ್ಲಿ ನಿಲ್ಲುವುದು. ಮೈಕ್ರೋವೇವ್ ಬೇಡ. ವಿಮಾನದಲ್ಲಿ ಮಾಂಸವನ್ನು ಕೈಚೀಲದಲ್ಲಿ ಒಯ್ಯಬಹುದು, ಸಾಸ್ ಬಾಟಲಿಯನ್ನು ತೆಗೆದಿಡಿಸುತ್ತಾರೆ.

ಪೋಸ್ಟ್ ಓಕ್ ಸೌದೆಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗುತ್ತೇನೆ ಎಂದು ಹೋದ ತಿಂಗಳು ಇಲ್ಲಿ ಬರೆದವರೂ ನೀವೇ ಅಲ್ಲವೇ? ಮಧ್ಯ ಟೆಕ್ಸಾಸ್‌ನ ಓಕ್ ಮರಗಳಿಗೆ ಬಾಡುರೋಗ ಇದೆ, ಹಸಿ ಕೊರಡನ್ನು ಊರು ದಾಟಿಸಬಾರದು. ಬಿಸಿ ಗೂಡಿನಲ್ಲಿ ಒಣಗಿಸಿದ ತುಂಡುಗಳ ಚೀಲ ಸಿಗುತ್ತದೆ, ಅದನ್ನು ಕೊಳ್ಳಿ.

ಶನಿವಾರ ಸಂಜೆ ಮ್ಯಾಟ್ಸ್, ಭಾನುವಾರ ಜೋಸ್, ಮಂಗಳವಾರ ಬೆಳಗ್ಗೆ ಫ್ರ್ಯಾಂಕ್ಲಿನ್, ಗುರುವಾರ ಟೇಲರ್ ಅಥವಾ ಲಾಕ್‌ಹಾರ್ಟ್, ಎರಡರಲ್ಲಿ ಒಂದು. ಅಪ್ಪನ ಔಷಧಿಯ ಸಮಯ ನೋಡಿಕೊಂಡು ಚೀಲದಲ್ಲಿ ತಿಂಡಿ ಇಟ್ಟುಕೊಳ್ಳಿ. ಮಡಚುವ ಕುರ್ಚಿ ಮೂರು, ಐಸ್ ಪೆಟ್ಟಿಗೆ ಒಂದು ನನ್ನ ಗ್ಯಾರೇಜಿನಲ್ಲಿವೆ. ಸೋಮವಾರ ರಾತ್ರಿ ಆಸ್ಟಿನ್ ಪಕ್ಕದ ರೌಂಡ್ ರಾಕ್ ಕಡೆ ಬಂದು ಒಯ್ಯಿರಿ. ನೀಲಿ ಕುರ್ಚಿಯ ಒಂದು ಕಾಲು ಸಡಿಲ, ಅದರ ಮೇಲೆ ನೀವೇ ಕುಳಿತುಕೊಳ್ಳಿ.