ಸೀಸನ್ನಿನ ಕೊನೆಯ ರೇಸ್ ಸ್ಪಾದಲ್ಲಿ ಇಡಬೇಡಿ

ಇಷ್ಟದ 20 ಎಫ್1 (ಫಾರ್ಮುಲಾ ಒನ್ ಕಾರ್ ರೇಸ್) ಸರ್ಕ್ಯೂಟ್ ಆರಿಸಿ, ಮೆಚ್ಚುಗೆಯ ಏರಿಕೆ ಕ್ರಮದಲ್ಲಿ ಜೋಡಿಸಿ, ನವೆಂಬರ್ ಕೊನೆಗೆ ಬೆಲ್ಜಿಯಂನ ಸ್ಪಾದಲ್ಲಿ ಮುಗಿಸಿದರೆ ಹೇಗೆ ಅಂತ ಕೇಳಿದ್ದೀರಿ. ನನ್ನ ಮೊದಲ ಕ್ಯಾಲೆಂಡರೂ ಹೀಗೇ ಇತ್ತು. ಎಲ್ಲಕ್ಕಿಂತ ದೊಡ್ಡ ಟ್ರ್ಯಾಕ್‌ನಲ್ಲೇ ಚಾಂಪಿಯನ್‌ಶಿಪ್ ತೀರ್ಮಾನವಾಗಲಿ ಅಂತ ಸ್ಪಾವನ್ನು ಕೊನೆಗಿಟ್ಟೆ, ಅದರ ಹಿಂದೆ ಉಳಿದ ಯುರೋಪಿನ ರೇಸುಗಳನ್ನೂ ಅಕ್ಟೋಬರ್‌ಗೆ ತಳ್ಳಿದೆ. ಆ ಒಂದು ಸಾಲಿನಿಂದಾಗಿ ಇಡೀ ಪಟ್ಟಿಯನ್ನು ಹರಿದು ಹೊಸದಾಗಿ ಬರೆಯಬೇಕಾಯಿತು. ಯಾಕೆ ಅನ್ನೋದನ್ನು ಬಿಡಿಸಿ ಹೇಳುತ್ತೇನೆ. ನೀವೂ ಅದೇ ಗುಂಡಿಯ ಅಂಚಿನಲ್ಲಿದ್ದೀರಿ.

ಮೊದಲು ಬೆಳಕು. ನವೆಂಬರ್ ಕೊನೆಯಲ್ಲಿ ಸ್ಪಾ ಇರುವ ಆರ್ಡೆನ್ ಕಾಡಿನಲ್ಲಿ ಸಂಜೆ ಐದರೊಳಗೆ ಕತ್ತಲಾಗುತ್ತದೆ. ನಿಯಮದ ಪ್ರಕಾರ ರೇಸಿಗೆ ಎರಡು ಗಂಟೆ. ಕೆಂಪು ಬಾವುಟ ಬಿದ್ದು ನಿಂತ ಹೊತ್ತೂ ಸೇರಿದರೆ ಮೂರು ಗಂಟೆ. ಅಂದರೆ ಮಧ್ಯಾಹ್ನ ಒಂದಕ್ಕೇ ಶುರುವಾಗಬೇಕು, ಕಾಯಲು ಒಂದಿಷ್ಟೂ ಅವಕಾಶವಿಲ್ಲ. ಸ್ಪಾದಲ್ಲೇ 2021ರ ಆಗಸ್ಟ್ 29ರಂದು ಆದದ್ದನ್ನು ನೆನಪಿಸಿಕೊಳ್ಳಿ. ಮೂರು ಗಂಟೆಗೆ ಶುರುವಾಗಬೇಕಿದ್ದ ರೇಸಿಗೆ ಸಂಜೆ ಆರು ದಾಟುವವರೆಗೂ ಕಾದರು. ಕೊನೆಗೂ ಅಪಾಯದ ಹೊತ್ತಲ್ಲಿ ನಿಧಾನವಾಗಿ ಮುನ್ನಡೆಸುವ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಓಡಿಸಿ ಅರ್ಧ ಅಂಕ ಹಂಚಿದರು. ಅಷ್ಟು ಹೊತ್ತು ಕಾಯಲು ಸಾಧ್ಯವಾಗಿದ್ದೇ ಆಗಸ್ಟ್‌ನಲ್ಲಿ ಎಂಟರವರೆಗೂ ಬೆಳಕಿದ್ದದ್ದರಿಂದ.

ಎರಡನೆಯದು ನೀರಿನ ಮಂಜು. ಸ್ಪಾದಲ್ಲಿ ಮಳೆ ಬಂದರೆ ರೇಸ್ ನಿಲ್ಲಿಸುವುದು ಹಿಡಿತದ ಕೊರತೆಯಲ್ಲ, ಕಣ್ಣಿಗೆ ಏನೂ ಕಾಣದಿರುವುದು. ಕಾರುಗಳು ಎಬ್ಬಿಸಿದ ತುಂತುರು ಎರಡೂ ಕಡೆಯ ಮರಗಳ ನಡುವೆ ಸಿಕ್ಕಿಕೊಂಡು, ಗಾಳಿಯಾಡದೆ, ಕೆಮೆಲ್ ನೇರ ಹಾದಿಯುದ್ದಕ್ಕೂ ತೂಗುತ್ತ ನಿಲ್ಲುತ್ತದೆ. ಓ ರೂಜ್ ಏರಿನಲ್ಲಿ ಮುಂದಿನವನು ತಿರುಗಿ ನಿಂತಿದ್ದರೂ ಹಿಂದಿನವನಿಗೆ ಗೊತ್ತಾಗುವುದಿಲ್ಲ. ಜೊತೆಗೆ 7.004 ಕಿ.ಮೀ. ಉದ್ದದ ಟ್ರ್ಯಾಕಿದು, ಎತ್ತರ-ತಗ್ಗಿನ ನಡುವೆ ನೂರು ಮೀಟರಿನಷ್ಟು ವ್ಯತ್ಯಾಸ. ಲಾ ಸೋರ್ಸ್ ತಿರುವು ಒಣಗಿದ್ದಾಗಲೇ ಆಚೆ ತುದಿಯಲ್ಲಿ ಜೋರು ಮಳೆ ಇರಬಹುದು. ಯಾವ ಟೈರ್ ಹಾಕಿದರೂ ಅರ್ಧ ಟ್ರ್ಯಾಕಿಗೆ ತಪ್ಪೇ.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಹೆಲಿಕಾಪ್ಟರ್. ವೈದ್ಯಕೀಯ ಹೆಲಿಕಾಪ್ಟರ್ ಹಾರಲಾಗದ ಮಂಜಿದ್ದು, ಆಸ್ಪತ್ರೆಗೆ ರಸ್ತೆಯಲ್ಲಿ ಬೇಗ ತಲುಪಲೂ ಆಗದಿದ್ದರೆ ಕಾರು ಪಿಟ್‌ನಿಂದ ಹೊರಗೇ ಬರುವಂತಿಲ್ಲ. 2020ರ ಅಕ್ಟೋಬರ್‌ನಲ್ಲಿ ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಆದದ್ದು ಇದೇ. ಶುಕ್ರವಾರದ ಎರಡೂ ಅಭ್ಯಾಸ ಅವಧಿಗಳಲ್ಲಿ ಒಂದೇ ಒಂದು ಸುತ್ತೂ ನಡೆಯಲಿಲ್ಲ. ಸ್ಪಾ ಕೂಡ ಅದೇ ಬಗೆಯ ಗುಡ್ಡಗಾಡು, ನೀವು ಹೇಳುತ್ತಿರುವುದು ಅದಕ್ಕಿಂತ ಒಂದು ತಿಂಗಳಿಗೂ ಹೆಚ್ಚು ತಡ. ಮೂರು ದಿನವೂ ಹೀಗೇ ಮಂಜು ಕವಿದರೆ ಚಾಂಪಿಯನ್ ಯಾರು ಅನ್ನೋದು ಗ್ಯಾರೇಜಿನಲ್ಲೇ ತೀರ್ಮಾನ.

ಮಳೆ, ಮಂಜು ಎರಡೂ ಇಲ್ಲ ಅಂದುಕೊಳ್ಳೋಣ. ಚಳಿ ಇದ್ದೇ ಇರುತ್ತದೆ. ವಿದ್ಯುತ್ ಹೊದಿಕೆಯೊಳಗೆ 70 ಡಿಗ್ರಿಗೆ ಕಾಯಿಸಿದ ಟೈರ್ ತಣ್ಣನೆಯ ಡಾಂಬರಿನ ಮೇಲೆ, ಅದೂ ಅಷ್ಟುದ್ದದ ನೇರ ಹಾದಿಯಲ್ಲಿ, ಬೇಗ ಆರುತ್ತದೆ. ಆರಿದ ರಬ್ಬರ್ ಜಾರುತ್ತದೆ, ಜಾರಿದಾಗ ಮೇಲ್ಮೈ ತರಿತರಿಯಾಗಿ ಕಿತ್ತುಬರುತ್ತದೆ, ಹಿಡಿತ ಇನ್ನೂ ಕಡಿಮೆಯಾಗುತ್ತದೆ. 2020ರ ನವೆಂಬರ್‌ನ ಇಸ್ತಾಂಬುಲ್ ನೋಡಿ: ಹೊಸದಾಗಿ ಹಾಕಿದ ಡಾಂಬರು, ಚಳಿ, ಮೇಲೆ ಮಳೆ. ನಾಲ್ಕು ಬಾರಿ ಒಳ ಅಂಚನ್ನು ಮುಟ್ಟುವ ಆ ಅದ್ಭುತ ಎಂಟನೇ ತಿರುವಿನಲ್ಲಿ ಕಾರುಗಳು ಮಂಜುಗಡ್ಡೆ ಮೇಲೆ ನಡೆದಂತೆ ಹೋದವು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ‘ಯಾವ 20 ಸರ್ಕ್ಯೂಟ್’ ಅಂತ ಶುರು ಮಾಡಬಾರದು. ಸರ್ಕ್ಯೂಟ್ ಮತ್ತು ತಿಂಗಳು ಎರಡೂ ಸೇರಿ ಒಂದು ಘಟಕ. ಏಪ್ರಿಲ್‌ನ ಸುಜುಕಾ (ಜಪಾನ್) ಒಂದು ಟ್ರ್ಯಾಕ್, ಅಕ್ಟೋಬರ್‌ನ ಸುಜುಕಾ ಇನ್ನೊಂದು. ಚಂಡಮಾರುತದ ಕಾರಣ 2004ರಲ್ಲೂ 2019ರಲ್ಲೂ ಅಲ್ಲಿ ಶನಿವಾರ ಪೂರ್ತಿ ರದ್ದಾಗಿ, ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಕ್ವಾಲಿಫೈಯಿಂಗ್ ಭಾನುವಾರ ಬೆಳಗ್ಗೆ ನಡೆಯಿತು. 2024ರಲ್ಲಿ ರೇಸ್ ಏಪ್ರಿಲ್‌ಗೆ ಬಂತು, ಅಲ್ಲೇ ಇರಲಿ. ಕತಾರ್ 2023ರ ಅಕ್ಟೋಬರ್‌ನಲ್ಲಿ ರಾತ್ರಿ ನಡೆದರೂ ಸೆಕೆಗೆ ಒಬ್ಬ ಚಾಲಕ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡ, ಇನ್ನೊಬ್ಬ ರೇಸ್ ಬಿಟ್ಟು ಇಳಿದ. ಮರುವರ್ಷ ಅದು ಡಿಸೆಂಬರ್ 1ಕ್ಕೆ ಹೋಯಿತು.

ಹಾಳೆಯ ಮೇಲೆ ಮೊದಲು ಮಾರ್ಚ್‌ನಿಂದ ನವೆಂಬರ್‌ವರೆಗಿನ ಭಾನುವಾರಗಳನ್ನು ಬರೆದುಕೊಳ್ಳಿ. ಬೇಸಿಗೆಯಲ್ಲಿ ತಂಡಗಳ ಕಾರ್ಖಾನೆ ಸತತ 14 ದಿನ ಕಡ್ಡಾಯವಾಗಿ ಮುಚ್ಚುತ್ತವೆ, ಅದನ್ನು ಆಗಸ್ಟ್‌ನಲ್ಲಿ ಹೊಡೆದುಹಾಕಿ. ಖಂಡ ದಾಟುವಾಗಲೆಲ್ಲ ಕನಿಷ್ಠ ಒಂದು ಭಾನುವಾರ ಖಾಲಿ ಬಿಡಿ. ಕಾರು, ಎಂಜಿನ್ ವಿಮಾನದಲ್ಲಿ ಹೋಗುತ್ತವೆ; ಗ್ಯಾರೇಜಿನ ಗೋಡೆ, ಮೇಜು, ಅಡುಗೆ ಸಾಮಾನಿನಂಥ ಭಾರದ ವಸ್ತುಗಳ ಹಲವು ಸೆಟ್‌ಗಳು ವಾರಗಟ್ಟಲೆ ಮುಂಚೆ ಹಡಗಿನಲ್ಲಿ ಹೊರಡುತ್ತವೆ; ಯುರೋಪಿನೊಳಗೆ ಎಲ್ಲವೂ ಲಾರಿಯಲ್ಲಿ. ಸತತ ಮೂರು ವಾರ ಮೂರು ರೇಸ್ 2018ರಲ್ಲಿ ಮೊದಲ ಬಾರಿ ಬಂತು. ಸಾಧ್ಯ ಇದೆ ಅಂತ ಆದರ್ಶ ಕ್ಯಾಲೆಂಡರಿನಲ್ಲೂ ಅದನ್ನು ಇಡುವುದು ಮೆಕ್ಯಾನಿಕ್‌ಗಳಿಗೆ ಮಾಡುವ ಅನ್ಯಾಯ.

ಆಮೇಲೆ ಸುತ್ತುಗಳ ಲೆಕ್ಕ. 305 ಕಿ.ಮೀ.ಯನ್ನು ಟ್ರ್ಯಾಕಿನ ಉದ್ದದಿಂದ ಭಾಗಿಸಿ, ಮುಂದಿನ ಪೂರ್ಣಸಂಖ್ಯೆ ತೆಗೆದುಕೊಳ್ಳಿ. ಸ್ಪಾಗೆ 43.55 ಬರುತ್ತದೆ, ಆದ್ದರಿಂದ 44 ಸುತ್ತು. ಮೊನಾಕೊಗೆ ಮಾತ್ರ 260ರ ವಿನಾಯಿತಿ, 3.337 ಕಿ.ಮೀ.ಯ 78 ಸುತ್ತು. ನಂತರ ಒಂದು ಸುತ್ತಿನ ವೇಳೆಯಿಂದ ಗುಣಿಸಿ, ಎರಡು ಗಂಟೆಗಿಂತ ಸಾಕಷ್ಟು ಕಡಿಮೆ ಇದೆಯೇ ನೋಡಿ. ಹಳೆಯ ಸಿಂಗಪುರ ಟ್ರ್ಯಾಕ್ ಇಲ್ಲೇ ಸಿಕ್ಕಿಕೊಳ್ಳುತ್ತಿತ್ತು: 2017ರಲ್ಲೂ 2022ರಲ್ಲೂ ಸುತ್ತು ಮುಗಿಯುವ ಮೊದಲೇ ಸಮಯ ಮುಗಿಯಿತು. 2023ರಲ್ಲಿ ನಾಲ್ಕು ತಿರುವು ತೆಗೆದು ನೇರ ಮಾಡಿದ ಮೇಲೆ ಆ ತೊಂದರೆ ತಗ್ಗಿದೆ. ನೂರ್ಬರ್ಗ್‌ರಿಂಗಿನ ಹಳೆಯ ಉತ್ತರ ಸುತ್ತನ್ನು ಸೇರಿಸುವ ಆಸೆ ನಿಮಗಿದ್ದರೂ ಇದೇ ಲೆಕ್ಕ ಮಾಡಿ. 20.8 ಕಿ.ಮೀ., 15 ಸುತ್ತು. ಪ್ರೇಕ್ಷಕನ ಮುಂದೆ ಕಾರು ಹಾಯುವುದು ಹದಿನೈದೇ ಸಲ, ಅಷ್ಟು ಉದ್ದಕ್ಕೂ ಅಗ್ನಿಶಾಮಕ, ವೈದ್ಯಕೀಯ ತಂಡಗಳನ್ನು ನಿಲ್ಲಿಸಬೇಕು. 1976ರಲ್ಲಿ ಅಲ್ಲಿ ಚಾಲಕ ನಿಕಿ ಲೌಡಾ ಬೆಂಕಿಗೆ ಸಿಕ್ಕಾಗ ಕಾರಿನಿಂದ ಎಳೆದು ಉಳಿಸಿದವರು ಹಿಂದೆ ಬಂದ ಚಾಲಕರೇ. ಅದು ಬೇಡ.

ನನ್ನ ಈಗಿನ ಕ್ಯಾಲೆಂಡರಿನಲ್ಲಿ 18 ರೇಸ್. ಮಾರ್ಚ್ ನಡುವಿಗೆ ಮೆಲ್ಬರ್ನ್, ಏಪ್ರಿಲ್‌ನಲ್ಲಿ ಸುಜುಕಾ, ಶಾಂಘೈ, ಕೊನೆಗೆ ಬಹರೇನ್ ರಾತ್ರಿ ರೇಸ್. ಮೇ ತಿಂಗಳಿಗೆ ಮುಜೆಲ್ಲೊ, ಮೊನಾಕೊ. ಜೂನ್‌ಗೆ ಮಾಂಟ್ರಿಯಲ್, ಬಳಿಕ ರೆಡ್‌ಬುಲ್ ರಿಂಗ್. ಜುಲೈ ಪೂರ್ತಿ ಸಿಲ್ವರ್‌ಸ್ಟೋನ್, ಬುಡಾಪೆಸ್ಟ್, ಕೊನೆಯ ಭಾನುವಾರ ಸ್ಪಾ. ದೀರ್ಘ ಸಂಜೆಯ ಬೆಳಕಿದ್ದಾಗ, ಮರುದಿನದಿಂದ ಎಲ್ಲರಿಗೂ ರಜೆ ಅನ್ನುವ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸೆಪ್ಟೆಂಬರ್‌ಗೆ ಮೊಂಜಾ, ಇಸ್ತಾಂಬುಲ್, ಬಾಕು. ಅಕ್ಟೋಬರ್ ಮೊದಲ ವಾರ ಸಿಂಗಪುರ, ಆಮೇಲೆ ಆಸ್ಟಿನ್, ನವೆಂಬರ್ ಮೊದಲಿಗೆ ಮೆಕ್ಸಿಕೊ ಸಿಟಿ. ಅಲ್ಲಿ ಮಳೆಗಾಲ ಅಷ್ಟರಲ್ಲಿ ಮುಗಿದಿರುತ್ತದೆ. 2,200 ಮೀಟರಿಗೂ ಎತ್ತರದ ತೆಳು ಗಾಳಿಯಲ್ಲಿ ಮೊನಾಕೊದ ದೊಡ್ಡ ರೆಕ್ಕೆ ಹಾಕಿ ಮೊಂಜಾದ ವೇಗದಲ್ಲಿ ಓಡುವುದನ್ನು ನೋಡುವುದೇ ಚೆಂದ.

ಕೊನೆಯದು ಬ್ರೆಜಿಲಿನ ಇಂಟರ್ಲಾಗೋಸ್, ನವೆಂಬರ್ ಮೂರನೇ ಭಾನುವಾರ. ಅಲ್ಲೂ ಮಳೆ ಬರುತ್ತದಲ್ಲ ಅನ್ನುತ್ತೀರಿ. ಬರುತ್ತದೆ. ಆದರೆ ಅಲ್ಲಿ ಆಗ ಬೇಸಿಗೆ ಹತ್ತಿರ: ಡಾಂಬರು ಬೆಚ್ಚಗಿರುತ್ತದೆ, ಹಗಲು ಉದ್ದ, ಟ್ರ್ಯಾಕ್ 4.309 ಕಿ.ಮೀ. ಆದ್ದರಿಂದ ಸಾಮಾನ್ಯವಾಗಿ ಎಲ್ಲ ಕಡೆ ಒಟ್ಟಿಗೇ ನೆನೆಯುತ್ತದೆ, ಒಟ್ಟಿಗೇ ಒಣಗುತ್ತದೆ. 2024ರಲ್ಲಿ ಶನಿವಾರದ ಕ್ವಾಲಿಫೈಯಿಂಗ್ ಮಳೆಗೆ ಹೋಯಿತು. ಭಾನುವಾರ ಬೆಳಗ್ಗೆ ಏಳೂವರೆಗೆ ಅದನ್ನು ನಡೆಸಿ, ರೇಸನ್ನು ನಿಗದಿಗಿಂತ ಮೊದಲೇ, ಹನ್ನೆರಡೂವರೆಗೆ ಶುರು ಮಾಡಿ, ಒಂದೇ ದಿನದಲ್ಲಿ ಎರಡನ್ನೂ ಮುಗಿಸಿದರು. 17ನೇ ಸ್ಥಾನದಿಂದ ಹೊರಟ ವೆರ್ಸ್ಟಾಪನ್ ಗೆದ್ದ. ನವೆಂಬರ್ ಕೊನೆಯ ಸ್ಪಾದಲ್ಲಿ ಬೆಳಗ್ಗೆ ಏಳೂವರೆಗೆ ಸೂರ್ಯನೇ ಹುಟ್ಟಿರುವುದಿಲ್ಲ.