ಅಡುಗಿಮನಿ ಅಂಚೆ: ಇಟಲಿಯಾಗೂ ಊರಿಗೊಂದು ಊಟ

ಪ್ರಶ್ನೆ: ಅಕ್ಕಾರ, ಕಲಬುರಗಿಯ ಹೊಸ ಹೊಟೇಲುಗಳ ಮೆನುವಿನಲ್ಲಿ ‘ಇಟಾಲಿಯನ್’ ಅಂದರೆ ಪಿಜ್ಜಾ, ಪಾಸ್ತಾ ಅಷ್ಟೆ. ನಾವು ರೊಟ್ಟಿ ಉಂಡಂಗ ಅಲ್ಲಿಯವರೆಲ್ಲ ದಿನಾ ಅದನ್ನೇ ಉಣ್ಣುತ್ತಾರೇನು?
– ಓದುಗ, ಜೇವರ್ಗಿ

ಉತ್ತರ: ಇಲ್ರಿ ತಮ್ಮಾ. ನಮ್ಮ ರೊಟ್ಟಿ, ಮಂಡ್ಯದವರ ಮುದ್ದಿ ಎರಡನ್ನೂ ಒಂದೇ ತಾಟಿನ್ಯಾಗಿಟ್ಟು ‘ಕರ್ನಾಟಕದ ಊಟ’ ಅಂದ್ರ ನಗು ಬರ್ತದಲ್ಲ, ಇದೂ ಹಂಗೇ. ಇಟಲಿ ಒಂದು ರಾಜ್ಯ ಆಗಿದ್ದೇ 1861ರಾಗ. ಅದಕ್ಕ ಮೊದಲು ಸಂಸ್ಥಾನಗಳು. ನಿಜಾಮನ ಕೈಯಾಗಿದ್ದ ನಮಗ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಗಡಿ ಅಳಿಸಿದ್ರೂ ಒಲಿ ಒಂದಾಗಲಿಲ್ಲ. ಉತ್ತರದ ಪೋ ನದಿ ಬಯಲಾಗ ಭತ್ತ ಬೆಳೀತದ, ಅಲ್ಲಿ ರಿಸೊಟ್ಟೊ ಅನ್ನೋ ಬೆಣ್ಣಿ ಹಾಕಿದ ಮೆತ್ತನ ಅನ್ನ. ದಕ್ಷಿಣಕ್ಕ ಗಟ್ಟಿ ಗೋಧಿ, ಆಲಿವ್ ಎಣ್ಣಿ. ಒಣ ಪಾಸ್ತಾಕ್ಕ ನೇಪಲ್ಸ್ ಹತ್ರದ ಗ್ರಾನ್ಯಾನೊ ಹೆಸರುವಾಸಿ. ಸಿಸಿಲಿಯ ತ್ರಾಪಾನಿಯಾಗ ಮೀನಿನ ಸಾರಿನ ಕೂಡ ಕುಸ್‌ಕುಸ್ (ಗೋಧಿ ರವಾದ ಸಣ್ಣ ಕಾಳು) ಉಣ್ತಾರ, ಉತ್ತರ ಆಫ್ರಿಕಾದ ಹಳೇ ನಂಟು ಅದು. ಮಸಾಲಿ ಅನ್ನದ ತಹರಿ ತಿಂದು ಬೆಳೆದ ಕಲಬುರಗಿಯವರಿಗೆ ಇದೇನು ಸೋಜಿಗ ಅಲ್ಲ ಬಿಡ್ರಿ.

ನನ್ನ ಮನಸ್ಸಿಗೆ ನಾಟಿದ್ದು ಪೊಲೆಂಟಾ. ಗೋವಿನಜೋಳದ ಹಿಟ್ಟು ಕುದಿಸಿ, ತಿರುವಿ ಗಟ್ಟಿ ಮಾಡಿದ ಬಡವರ ಊಟ. ಆ ಕಾಳು ಬಂದದ್ದು ಅಮೆರಿಕದಿಂದ. ಅಲ್ಲಿಯ ಮೂಲನಿವಾಸಿಗಳು ಅದನ್ನ ಸುಣ್ಣದ ನೀರಾಗ ಬೇಯಿಸ್ತಿದ್ರು, ಅದರಿಂದ ಕಾಳಿನಾಗಿನ ನಯಾಸಿನ್ ಅನ್ನೋ ಬಿ ಜೀವಸತ್ವ ಮೈಗೆ ಹತ್ತತಿತ್ತು. ಕಾಳು ಹಡಗು ಹತ್ತಿತು, ಪದ್ಧತಿ ಹತ್ತಲಿಲ್ಲ. ವೆನೆಟೊ, ಲೊಂಬಾರ್ಡಿ ಕಡಿ ರೈತರು ಅದೊಂದನ್ನೇ ಉಂಡು ಪೆಲಾಗ್ರಾ ಅನ್ನೋ ರೋಗಕ್ಕ ಬಿದ್ರು. ನಯಾಸಿನ್ ಕೊರತೆಯಿಂದ ಚರ್ಮ ಸುಲೀತಿತ್ತು, ಭೇದಿ ಆಗ್ತಿತ್ತು, ಬುದ್ಧಿಭ್ರಮಣೆನೂ ಆಗ್ತಿತ್ತು. ನಮ್ಮ ದಖ್ಖನದಾಗ ಬರೇ ಜೋಳದ ಮ್ಯಾಲ ಬದುಕಿದ ಬಡವರಲ್ಲೂ ಇದೇ ರೋಗ ಕಂಡು, ಹೈದರಾಬಾದಿನ ಪೋಷಣ ವಿಜ್ಞಾನಿ ಸಿ. ಗೋಪಾಲನ್ ಅಭ್ಯಾಸ ಮಾಡಿದ್ರು. ರೊಟ್ಟಿ ಕೂಡ ಬ್ಯಾಳಿ, ಶೇಂಗಾ ಹಿಂಡಿ, ಪುಂಡಿಪಲ್ಯ ಬೇಕಂತ ನಮ್ಮವ್ವ ಹಟ ಹಿಡೀತಿದ್ದದ್ದು ಬರೇ ರುಚಿಗಲ್ಲ.

ಉತ್ತರದವರಿಗೆ ದಕ್ಷಿಣದವರು ‘ಪೊಲೆಂಟೋನಿ’, ಅಂದ್ರ ಪೊಲೆಂಟಾ ತಿನ್ನೋರು, ಅಂತ ಹೀಯಾಳಿಸ್ತಿದ್ರು. ಈಗ ಅದೇ ಪೊಲೆಂಟಾ ದೊಡ್ಡ ಹೊಟೇಲಿನ್ಯಾಗ ದುಬಾರಿ ಬೆಲೆಗೆ ಕೂತದ. ನಮ್ಮ ಖಡಕ್ ರೊಟ್ಟಿದೂ ಅದೇ ಕಥಿ.

ಹೆಸರು ಕಾಯೋದ್ರಾಗ ಮಾತ್ರ ಅವರು ಭಾಳ ಗಟ್ಟಿ. ಪಾರ್ಮಿಜಾನೊ ರೆಜಾನೊ ಚೀಸು ಪಾರ್ಮಾ, ರೆಜೊ ಎಮಿಲಿಯಾ, ಮೊದೆನಾ, ಜೊತೀಗೆ ಮಾಂತೊವಾ, ಬೊಲೊನ್ಯಾದ ಕೆಲವು ಭಾಗ, ಇಷ್ಟರಾಗೇ ತಯಾರಾಗಬೇಕು. ಕನಿಷ್ಠ 12 ತಿಂಗಳು ಮಾಗಬೇಕು. ಕಲಬುರಗಿ ತೊಗರಿ ಬ್ಯಾಳಿಗೂ 2019ರಾಗ ಭೌಗೋಳಿಕ ಗುರುತು ಸಿಕ್ಕದ. ಕಿರಾಣಿ ಅಂಗಡ್ಯಾಗ ‘ಇದು ಯಾವ ಊರಿನ ಬ್ಯಾಳಿ?’ ಅಂತ ಕೇಳೋರನ್ನ ನಾ ಕಂಡದ್ದು ಕಡಿಮಿ.

ಪ್ರಶ್ನೆ: ಪೊಲೆಂಟಾ ಮನೆಯಲ್ಲಿ ಮಾಡಬಹುದೇ?
– ಓದುಗಿ, ಚಿತ್ತಾಪುರ

ಉತ್ತರ: ಧಾರಾಳ. ಗೋವಿನಜೋಳದ ರವಾ ಒಂದು ಪಾಲು, ನೀರು ನಾಲ್ಕು ಪಾಲು, ಉಪ್ಪು. ಸಣ್ಣ ಉರಿ ಮ್ಯಾಲ 40 ನಿಮಿಷ ತಿರುವಬೇಕು. ಅವರು ಮ್ಯಾಲ ಚೀಸು ಉದುರಿಸ್ತಾರ. ನಾನು ಬಿಸಿ ಇರುವಾಗಲೇ ಬದನಿಕಾಯಿ ಎಣ್ಣಿಗಾಯಿ ಹಾಕೊಂಡು ಉಣ್ತೀನಿ. ಇಟಲಿಯವರಿಗೆ ಹೇಳಬ್ಯಾಡ್ರಿ.