ಪ್ಯಾನಾಪ್ಟೋಸಿಸ್ ಹೊಸ ಶೋಧವೇ, ಹಳೆಯದಕ್ಕೆ ಇಟ್ಟ ಹೊಸ ಹೆಸರೇ?

ಕೋಶವೊಂದು ಮೂರು ಬಗೆಯ ಸಾವನ್ನು ಒಟ್ಟಿಗೇ ಸಾಯಬಲ್ಲದು ಎಂಬುದು ರೋಗನಿರೋಧಕ ವಿಜ್ಞಾನಿ ತಿರುಮಲಾದೇವಿ ಕನ್ನೆಗಂಟಿ ಅವರ ‘ಪ್ಯಾನಾಪ್ಟೋಸಿಸ್’; ಅದು ನಿಜಕ್ಕೂ ಹೊಸದೇ ಎಂದು ಕೇಳಿದ್ದೀರಿ. ಹೆಸರಂತೂ ಹೊಸದು, 2019ರದ್ದು. ಸಂಗತಿಯ ಬಗ್ಗೆ ನನಗೂ ಮೊದಮೊದಲು ಗುಮಾನಿ ಇತ್ತು.

ಕೆಲವು ವರ್ಷ ಇಲಿಯ ಮೂಳೆಮಜ್ಜೆಯಿಂದ, ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಕೋಶಗಳನ್ನು ಬೆಳೆಸುವುದೇ ನನ್ನ ಕೆಲಸವಾಗಿತ್ತು. ಅವು ಸಾಯುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ಬೇಕಾದಷ್ಟು ನೋಡಿದ್ದೇನೆ. ಎಪಾಪ್ಟೋಸಿಸ್ ಆದರೆ ಕೋಶ ಕುಗ್ಗಿ, ಸಣ್ಣ ಉಂಡೆಗಳಾಗಿ ಒಡೆದು, ಗದ್ದಲವಿಲ್ಲದೆ ನೆರೆಯ ಕೋಶಗಳ ಹೊಟ್ಟೆ ಸೇರುತ್ತದೆ. ಪೈರಾಪ್ಟೋಸಿಸ್ ಹಾಗಲ್ಲ. ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್ ಎಂಬ ವಸ್ತು ಕೊಟ್ಟು, ಕೆಲವು ಗಂಟೆ ಬಿಟ್ಟು ನೈಜೆರಿಸಿನ್ ಎಂಬ ವಿಷ ಹಾಕಿದರೆ, ಸ್ವಲ್ಪ ಹೊತ್ತಿನಲ್ಲೇ ಕೋಶಗಳು ಕಾದ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತವೆ. ಗ್ಯಾಸ್ಡರ್ಮಿನ್ ಡಿ ಎಂಬ ಪ್ರೋಟೀನು ಪೊರೆಗೆ ತೂತು ಕೊರೆದಿರುತ್ತದೆ. ಒಳಗಿದ್ದದ್ದು ಹೊರಗೆ ಚೆಲ್ಲಿ ಉರಿಯೂತ ಏಳುತ್ತದೆ. ಮೂರನೆಯದು ನೆಕ್ರಾಪ್ಟೋಸಿಸ್. ಅಲ್ಲೂ ಪೊರೆ ಹರಿಯುತ್ತದೆ, ಅದನ್ನು ಹರಿದುಹಾಕುವ ಪ್ರೋಟೀನು ಮಾತ್ರ ಬೇರೆ.

ಪಠ್ಯಪುಸ್ತಕದಲ್ಲಿ ಮೂರಕ್ಕೂ ಬೇರೆ ಬೇರೆ ಚಿತ್ರ. ಸೋಂಕು ಹಾಕಿದ ತಟ್ಟೆಯಲ್ಲಿ ಎಲ್ಲವೂ ಕಲಸುಮೇಲೋಗರ. ಒಂದು ದಾರಿಯನ್ನು ತಡೆದರೂ ಕೋಶಗಳು ಸಾಯುತ್ತಲೇ ಇರುತ್ತಿದ್ದವು. ತಡೆಯಲು ಹಾಕಿದ ಔಷಧ ಹಳಸಿರಬೇಕು ಎಂದುಕೊಂಡು ನಾನು ಹೊಸ ಬಾಟಲಿ ತೆಗೆಯುತ್ತಿದ್ದೆ.

ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿರುವ ಕನ್ನೆಗಂಟಿ ತಂಡ ಹಿಡಿದದ್ದು ಈ ಎಳೆಯನ್ನೇ. ಇನ್‌ಫ್ಲುಯೆಂಜಾ ತಗುಲಿದ ಕೋಶದಲ್ಲಿ ಝಡ್‌ಬಿಪಿ1 ಎಂಬ ಒಂದೇ ಪ್ರೋಟೀನು ಮೂರೂ ಬಗೆಯ ಸಾವಿಗೆ ಚಾಲನೆ ಕೊಡುತ್ತದೆ ಎಂದು 2016ರಲ್ಲಿ ತೋರಿಸಿದರು. ಮೂರೂ ದಾರಿಯ ಪ್ರೋಟೀನುಗಳು ಒಂದೇ ಕಡೆ ಗುಂಪುಗೂಡುತ್ತವೆ ಎಂಬುದು ಅವರ ಮುಂದಿನ ವಾದ. ಇದರಲ್ಲಿ ಅರ್ಥವಿದೆ. ದನಸಿಡುಬಿನ ವೈರಸ್ಸು, ಕೋಶದ ಸಾವನ್ನು ನಡೆಸುವ ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಕಟ್ಟಿಹಾಕಲು ತನ್ನದೇ ಪ್ರೋಟೀನು ತಯಾರಿಸುತ್ತದೆ. ಎದುರಾಳಿ ಒಂದು ಬಾಗಿಲಿಗೆ ಬೀಗ ಜಡಿದರೆ ಕೋಶಕ್ಕೆ ಹಿತ್ತಿಲ ಬಾಗಿಲು ಬೇಕಲ್ಲ.

ಆದರೂ ನನ್ನ ಗುಮಾನಿ ಪೂರ್ತಿ ಹೋಗಿಲ್ಲ. ಬೇರೆ ಬೇರೆ ಕೋಶಗಳು ಬೇರೆ ಬೇರೆ ರೀತಿ ಸಾಯುತ್ತಿದ್ದರೂ ಇಡೀ ತಟ್ಟೆಯನ್ನು ಅರೆದು ಪರೀಕ್ಷಿಸಿದರೆ ಮೂರರ ಗುರುತೂ ಸಿಗುತ್ತದೆ. ಒಂದೇ ಕೋಶದೊಳಗೆ ಮೂರೂ ನಡೆಯುವುದನ್ನು ತೋರಿಸುವುದು ಕಷ್ಟದ ಕೆಲಸ. ಇನ್ನೊಂದು ತೊಡಕೂ ಇದೆ. ಝಡ್‌ಬಿಪಿ1 ಇಲ್ಲದ ಇಲಿಗಳಲ್ಲಿ ವೈರಸ್ಸು ಹೆಚ್ಚಿದರೂ ಶ್ವಾಸಕೋಶದ ಹಾನಿ ಕಡಿಮೆಯಾಗಿ ಅವು ಬದುಕಿಕೊಂಡವು ಎಂದು ಇವರ ತಂಡ ಹೇಳಿದರೆ, ಅಂಥ ಇಲಿಗಳು ಸೋಂಕು ತಡೆಯಲಾರದೆ ಸತ್ತವು ಎಂದು ಅದೇ ವರ್ಷ ಮತ್ತೊಂದು ತಂಡ ಹೇಳಿತು. ಕೋಶಗಳ ಸಾವು ಇಲಿಯನ್ನು ಕಾಪಾಡುತ್ತದೋ ಕೊಲ್ಲುತ್ತದೋ ಎಂಬುದಕ್ಕೆ ಒಂದೇ ಉತ್ತರವಿಲ್ಲ.

ನನ್ನನ್ನು ಹೆಚ್ಚು ಒಪ್ಪಿಸಿದ್ದು ಕೋವಿಡ್ ಕಾಲದ ಕನ್ನೆಗಂಟಿ ತಂಡದ ಕೆಲಸ. ಉರಿಯೂತದ ಸಂದೇಶ ಒಯ್ಯುವ ಸೈಟೊಕೈನ್ ಎಂಬ ಪ್ರೋಟೀನುಗಳಲ್ಲಿ ಹಲವನ್ನು ಪರೀಕ್ಷಿಸಿದಾಗ, ಟಿಎನ್‌ಎಫ್ ಮತ್ತು ಇಂಟರ್‌ಫೆರಾನ್-ಗಾಮಾ ಜೋಡಿಯಾಗಿ ಬಂದಾಗ ಮಾತ್ರ ಮ್ಯಾಕ್ರೊಫೇಜ್‌ಗಳು ಈ ರೀತಿ ಸತ್ತವು. ಎರಡನ್ನೂ ತಡೆದಾಗ ಸೋಂಕಿತ ಇಲಿಗಳು ಉಳಿದವು.

ಅಂದಹಾಗೆ, ಈ ಕ್ಷೇತ್ರಕ್ಕೆ ಬರುವ ಮುನ್ನ ಕನ್ನೆಗಂಟಿ ಅಧ್ಯಯನ ಮಾಡಿದ್ದು ಆಲೂಗಡ್ಡೆಗೆ ಅಂಗಮಾರಿ ತರುವ ಫೈಟಾಫ್ತರಾ ಎಂಬ ರೋಗಾಣುವನ್ನು. ನಮ್ಮ ಅಡಿಕೆಗೆ ಕೊಳೆರೋಗ ತರುವುದೂ ಅದೇ ಬಳಗ. ಆ ರೋಗಾಣುವಿನ ಎರಡು ಪ್ರೋಟೀನುಗಳು ಜೊತೆಗೂಡಿದರೆ ಗಿಡದ ಕೋಶಗಳ ಸಾವು ಹೇಗೆ ಹೆಚ್ಚುತ್ತದೆ ಎಂಬುದು ಅವರ ಆಗಿನ ಒಂದು ಪ್ರಬಂಧದ ವಿಷಯ.

ಇದರಿಂದ ಔಷಧ ಸಿಗಬಹುದೇ ಎಂದೂ ಕೇಳಿದ್ದೀರಿ. ಟಿಎನ್‌ಎಫ್ ತಡೆಯುವ ಔಷಧಗಳು ಸಂಧಿವಾತಕ್ಕೆ ಬಹುಕಾಲದಿಂದ ಬಳಕೆಯಲ್ಲಿವೆ. ಇಂಟರ್‌ಫೆರಾನ್-ಗಾಮಾ ತಡೆಯುವ ಎಮಾಪಲುಮ್ಯಾಬ್‌ಗೆ ಒಂದು ಅಪರೂಪದ ರೋಗಕ್ಕಾಗಿ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸೋಂಕಿನ ನಡುವೆ ಎರಡನ್ನೂ ಒಟ್ಟಿಗೆ ಕೊಡುವುದೆಂದರೆ ರೋಗಿಯ ರಕ್ಷಣೆಯನ್ನೇ ಇಳಿಸಿದಂತೆ. ಯಾವ ದಿನ, ಯಾವ ಗಂಟೆಗೆ ಕೊಡಬೇಕು ಎಂಬುದನ್ನು ಇಲಿ ನೋಡಿ ಹೇಳಲಾಗದು.